ಯಾರ ಬದುಕು ಪಾಠವಾಗುತ್ತದೆ?

ಇಂಗ್ಲಿಷ್ ಎಂ.ಎ. ಓದುತ್ತಿರುವ ಹುಡುಗನೋ ಹುಡುಗಿಯೋ ರಜೆಗೆ ಊರಿಗೆ ಬಂದರೆ ಅವರಿಗೆ ಎರಡು ಕೆಲಸ ಕಾದಿರುತ್ತವೆ. ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಹೋಗಬೇಕಾದ ಅರ್ಜಿ ಬರೆದುಕೊಡುವುದು ಒಂದು. ನೆರೆಮನೆಯ ಮಕ್ಕಳಿಗೆ ವ್ಯಾಕರಣ ಹೇಳಿಕೊಡುವುದು ಇನ್ನೊಂದು. ಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಓದುವುದೆಂದರೆ ಆ ಭಾಷೆಯನ್ನು ಇನ್ನಷ್ಟು ಚೆನ್ನಾಗಿ ಮಾತನಾಡಲು, ಬರೆಯಲು ಕಲಿಯುವುದು ಎಂದೇ ಹೆಚ್ಚಿನವರ ತಿಳಿವಳಿಕೆ. ಆದರೆ ಅಲ್ಲಿನ ಪಾಠದ ಹೂರಣವೇ ಬೇರೆ. ತಂದೆಯ ಕೊಲೆಗೆ ಸೇಡು ತೀರಿಸಲಾರದೆ ತೊಳಲುವ ಡೆನ್ಮಾರ್ಕಿನ ರಾಜಕುಮಾರ, ಲೇವಾದೇವಿ ನಡೆಸುತ್ತ ಊರವರಿಂದ ಉಗಿಸಿಕೊಳ್ಳುವ ವೆನಿಸ್ ನಗರದ ಯೆಹೂದಿ, ಮಗಳು ಗುಲಾಮಳಾಗಿ ಬಾಳಬಾರದೆಂದು ತನ್ನ ಕೈಯಾರೆ ಅವಳನ್ನು ಕೊಲ್ಲುವ ಅಮೆರಿಕದ ಕಪ್ಪು ತಾಯಿ – ಇಂಥವರ ಬದುಕು ಅಲ್ಲಿ ಚರ್ಚೆಯಾಗುತ್ತದೆ. ವರ್ಣಭೇದ, ಯುದ್ಧ, ಬಡತನ, ಹೆಣ್ಣಿನ ಸ್ಥಿತಿ, ಜಾತಿ, ವಲಸೆ ಇವೆಲ್ಲ ಅಲ್ಲಿ ಪಠ್ಯ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಶಾಲಾ ವ್ಯಾಸಂಗದ ಕೊನೆಯ ವರ್ಷದ ಇಂಗ್ಲಿಷಿಗೆ 2019ರ ಪರೀಕ್ಷೆಯಿಂದ ಒಂದು ಸಾಮಾನ್ಯ ವಿಭಾಗ ಸೇರಿದೆ. ‘ಕೃತಿಗಳು ಮತ್ತು ಮಾನವ ಅನುಭವಗಳು’ ಎಂಬುದು ಅದರ ಹೆಸರು. ಷೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’, ಆರ್ವೆಲ್‌ನ ‘ನೈನ್‌ಟೀನ್ ಎಯ್ಟಿಫೋರ್’, ಪಾಕಿಸ್ತಾನದ ಮಲಾಲಾ ಯೂಸುಫ್‌ಝೈಯ ಆತ್ಮಕತೆ ಇವೆಲ್ಲ ಅದರ ಆಯ್ಕೆಯ ಪಟ್ಟಿಯಲ್ಲಿ ಇದ್ದವು. ಒಬ್ಬ ವ್ಯಕ್ತಿಯ ಅನುಭವ ಹೇಗೆ ಒಂದು ಸಮೂಹದ ಅನುಭವವಾಗುತ್ತದೆ, ಅದನ್ನು ಬರೆದವನು ಏನನ್ನು ಕಾಣಿಸಿದ, ಏನನ್ನು ಮರೆಮಾಡಿದ ಎಂದು ವಿದ್ಯಾರ್ಥಿ ವಿಚಾರ ಮಾಡಬೇಕು.

ಮಾನವ ಅನುಭವ ಎಂಬ ಮಾತು ಬಹಳ ದೊಡ್ಡದು. ಪಠ್ಯಪಟ್ಟಿ ಬಹಳ ಚಿಕ್ಕದು. ವರ್ಷಕ್ಕೆ ಹತ್ತೋ ಹನ್ನೆರಡೋ ಪುಸ್ತಕ ಓದಿಸಬಹುದು. ಅವುಗಳಲ್ಲಿ ಯಾರ ಬದುಕಿಗೆ ಜಾಗ, ಯಾರದಕ್ಕೆ ಇಲ್ಲ ಎಂಬುದನ್ನು ಯಾರೋ ಒಬ್ಬರು ತೀರ್ಮಾನಿಸಲೇಬೇಕು. ಇಂಗ್ಲಿಷ್ ಸಾಹಿತ್ಯದ ಅಧ್ಯಯನಕ್ಕೆ ಈಗ ಸುಮಾರು ಇನ್ನೂರು ವರ್ಷದ ಚರಿತ್ರೆಯಿದೆ. ಆ ಚರಿತ್ರೆಯುದ್ದಕ್ಕೂ ನಡೆದಿರುವುದು ಬಹುಮಟ್ಟಿಗೆ ಈ ಜಾಗಕ್ಕಾಗಿ ಆದ ಜಗಳವೇ. ಅದು ಮೊದಲುಗೊಂಡದ್ದು ಇಂಗ್ಲೆಂಡಿಗಿಂತ ಮುಂಚೆ ನಮ್ಮ ದೇಶದಲ್ಲಿ ಎಂಬುದು ಅನೇಕರಿಗೆ ಅಚ್ಚರಿ ತರಬಹುದು.

ಕಲ್ಕತ್ತದಲ್ಲಿ ಹುಟ್ಟಿದ ಪಾಠ

1813ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ನವೀಕರಿಸಿದಾಗ ಭಾರತೀಯರ ವಿದ್ಯಾಭ್ಯಾಸಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಂತೆ ತೆಗೆದಿಡಬೇಕೆಂದು ಗೊತ್ತುಮಾಡಿತು. ಹಣವನ್ನು ಸಂಸ್ಕೃತ, ಅರಬ್ಬಿಗಳಿಗೆ ಕೊಡಬೇಕೋ ಇಂಗ್ಲಿಷಿಗೆ ಕೊಡಬೇಕೋ ಎಂಬ ವಾದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1835ರ ಫೆಬ್ರವರಿಯಲ್ಲಿ ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದ. ಮುಂದಿನ ತಿಂಗಳು ಗವರ್ನರ್ ಜನರಲ್ ಬೆಂಟಿಂಕ್ ಇಂಗ್ಲಿಷಿನ ಪರವಾಗಿ ಆಜ್ಞೆ ಹೊರಡಿಸಿದ. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಕತೆ. ಗೊತ್ತಿಲ್ಲದ ಭಾಗ ಏನೆಂದರೆ, ಇಂಗ್ಲಿಷ್ ಭಾಷೆಯ ಬೆನ್ನಿಗೆ ಇಂಗ್ಲಿಷ್ ಸಾಹಿತ್ಯವೂ ಏಕೆ ಬಂತು ಎಂಬುದು. ಗುಮಾಸ್ತರನ್ನು ತಯಾರು ಮಾಡಲು ಮಿಲ್ಟನ್‌ನ ಕಾವ್ಯ ಬೇಕಿರಲಿಲ್ಲವಷ್ಟೆ?

ಗೌರಿ ವಿಶ್ವನಾಥನ್ ಎಂಬ ವಿದ್ವಾಂಸೆ 1989ರಲ್ಲಿ ಪ್ರಕಟಿಸಿದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಎಂಬ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಕಂಪನಿ ಸರ್ಕಾರಕ್ಕೆ ಒಂದು ಇಕ್ಕಟ್ಟಿತ್ತು. ಪ್ರಜೆಗಳಿಗೆ ನೀತಿ ಕಲಿಸಬೇಕು ಎಂಬ ಒತ್ತಡ ಇಂಗ್ಲೆಂಡಿನಿಂದ ಬರುತ್ತಿತ್ತು. ಆ ಕಾಲದ ಆಂಗ್ಲರಿಗೆ ನೀತಿ ಎಂದರೆ ಬೈಬಲ್ಲು. ಆದರೆ ಸರ್ಕಾರಿ ಶಾಲೆಯಲ್ಲಿ ಬೈಬಲ್ ಓದಿಸಿದರೆ ಹಿಂದೂಗಳೂ ಮುಸಲ್ಮಾನರೂ ತಿರುಗಿಬಿದ್ದಾರು, ವ್ಯಾಪಾರಕ್ಕೂ ಆಳ್ವಿಕೆಗೂ ಧಕ್ಕೆ ಬಂದೀತು ಎಂಬ ಭಯ. ಧರ್ಮದ ವಿಷಯದಲ್ಲಿ ತಟಸ್ಥವಾಗಿರುವುದು ಕಂಪನಿಯ ನೀತಿಯಾಗಿತ್ತು. ಷೇಕ್ಸ್‌ಪಿಯರ್, ಮಿಲ್ಟನ್, ಬೇಕನ್, ಅಡಿಸನ್ ಇವರ ಬರಹಗಳು ಈ ಇಕ್ಕಟ್ಟಿಗೆ ದಾರಿಯಾದವು. ಅವುಗಳಲ್ಲಿ ಕ್ರೈಸ್ತ ನೀತಿ ಹಾಸುಹೊಕ್ಕಾಗಿದೆ, ಮತಬೋಧನೆ ಎಂಬ ಆಪಾದನೆಯೂ ಬಾರದು ಎಂಬ ಲೆಕ್ಕಾಚಾರ. ಹೀಗೆ ಸಾಹಿತ್ಯವು ಧರ್ಮಗ್ರಂಥದ ಬದಲಿಯಾಗಿ ತರಗತಿಗೆ ಬಂತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ಕೆಲಸಗಳಿಗೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂದು ಸಾರಿದ ಮೇಲೆ ಆ ಪಾಠದ ಕಡೆಗೆ ನೂಕುನುಗ್ಗಲು ಆರಂಭವಾಯಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು.

ಇಂಗ್ಲೆಂಡಿನಲ್ಲಿಯೇ ಆಗಿನ ಸ್ಥಿತಿ ಹೇಗಿತ್ತು? ಲಂಡನ್ನಿನಲ್ಲಿ 1828ರ ಹೊತ್ತಿಗೆ ಇಂಗ್ಲಿಷಿಗೆ ಒಬ್ಬ ಪ್ರಾಧ್ಯಾಪಕರು ನೇಮಕವಾಗಿದ್ದರು, ನಿಜ. ಆದರೆ ಆಕ್ಸ್‌ಫರ್ಡಿನ ಪಂಡಿತರ ದೃಷ್ಟಿಯಲ್ಲಿ ಓದಬೇಕಾದ್ದು ಗ್ರೀಕ್ ಮತ್ತು ಲ್ಯಾಟಿನ್. ತಾಯ್ನುಡಿಯ ಕತೆ ಕವಿತೆಗಳನ್ನು ಹೆಂಗಸರೂ ಕಾರ್ಮಿಕರೂ ಬಿಡುವಿನಲ್ಲಿ ಓದಿಕೊಂಡರೆ ಸಾಕು ಎಂಬ ಭಾವನೆ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಒಂದು ಸ್ವತಂತ್ರ ಅಧ್ಯಯನ ವಿಷಯವಾದದ್ದು 1894ರಲ್ಲಿ. ಕೇಂಬ್ರಿಜ್ ಇನ್ನೂ ತಡಮಾಡಿ 1917ರಲ್ಲಿ ಒಪ್ಪಿತು. ಅಷ್ಟರಲ್ಲಿ ಬಂಗಾಳದ ಎರಡು ಮೂರು ತಲೆಮಾರುಗಳು ಷೇಕ್ಸ್‌ಪಿಯರನನ್ನು ಕಂಠಪಾಠ ಮಾಡಿ ಮುಗಿಸಿದ್ದವು.

ಬಿತ್ತಿದ್ದೊಂದು, ಬೆಳೆದದ್ದೊಂದು

ವಿಧೇಯತೆ ಕಲಿಸಲೆಂದು ತಂದ ಪಾಠ ವಿಧೇಯತೆಯನ್ನೇ ಕಲಿಸಿತೆ? ಕಲ್ಕತ್ತದ ಹಿಂದೂ ಕಾಲೇಜಿನ ಪ್ರಸಂಗ ಬೇರೆ ಕತೆ ಹೇಳುತ್ತದೆ. 1817ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ಹೆನ್ರಿ ಡಿರೋಜಿಯೊ ಎಂಬ ತರುಣ ಉಪಾಧ್ಯಾಯನಾಗಿ ಬಂದಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಪೋರ್ಚುಗೀಸ್ ಮೂಲದ ಮನೆತನ, ಹುಟ್ಟಿ ಬೆಳೆದದ್ದು ಕಲ್ಕತ್ತದಲ್ಲಿ, ಬರೆದದ್ದು ಇಂಗ್ಲಿಷ್ ಕವಿತೆ. ಸಾಹಿತ್ಯ ಮತ್ತು ಚರಿತ್ರೆಯನ್ನು ಕಲಿಸುತ್ತ ಅವನು ತರಗತಿಯ ಬಾಗಿಲು ತೆರೆದಿಟ್ಟ. ಪಾಠ ಮುಗಿದ ಮೇಲೂ ಶಿಷ್ಯರು ಅವನ ಸುತ್ತ ಸೇರಿ ಜಾತಿ ಬೇಕೆ, ವಿಗ್ರಹಾರಾಧನೆ ಸರಿಯೆ, ಹೆಣ್ಣುಮಕ್ಕಳಿಗೆ ಓದು ಏಕಿಲ್ಲ ಎಂದು ವಾದ ಮಾಡುತ್ತಿದ್ದರು. ಸತೀಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದ್ದು 1829ರಲ್ಲಿ ಎಂಬುದನ್ನು ನೆನೆದರೆ ಆ ಮಾತುಗಳ ಬಿಸಿ ಎಷ್ಟಿದ್ದಿರಬಹುದೆಂದು ತಿಳಿಯುತ್ತದೆ.

ಹುಡುಗರು ಕೆಡುತ್ತಿದ್ದಾರೆಂದು ಕಲ್ಕತ್ತದ ಹಿರಿಯರು ಗಾಬರಿಗೊಂಡರು. 1831ರಲ್ಲಿ ಕಾಲೇಜಿನ ಆಡಳಿತ ಮಂಡಳಿ ಡಿರೋಜಿಯೊನನ್ನು ಹೊರಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಕಾಲರಾದಿಂದ ತೀರಿಕೊಂಡ, ವಯಸ್ಸು ಇಪ್ಪತ್ತೆರಡು. ಅವನ ಶಿಷ್ಯಬಳಗ ‘ಯಂಗ್ ಬೆಂಗಾಲ್’ ಎಂದು ಹೆಸರಾಯಿತು. ಮುಂದೆ ಎವರೆಸ್ಟಿನ ಎತ್ತರವನ್ನು ಲೆಕ್ಕ ಹಾಕಿದ ರಾಧಾನಾಥ ಸಿಕ್ದರ್ ಆ ಬಳಗದವನೇ. ಇಂಗ್ಲಿಷ್ ತರಗತಿಯೊಂದು ಸಮಾಜದ ಪ್ರಶ್ನೆಗಳನ್ನು ಎತ್ತಿಕೊಂಡದ್ದಕ್ಕೆ ಉಪಾಧ್ಯಾಯ ಕೆಲಸ ಕಳೆದುಕೊಂಡ ಮೊದಲ ನಿದರ್ಶನಗಳಲ್ಲಿ ಇದು ಒಂದು. ಅವನನ್ನು ತೆಗೆದವರು ಆಳುವವರಲ್ಲ, ನಮ್ಮವರೇ ಎಂಬುದನ್ನೂ ಗಮನಿಸಬೇಕು.

ಮೈಸೂರಿನಲ್ಲಿ ಹಿಡಿದ ದಾರಿ

ಕನ್ನಡ ನಾಡಿನಲ್ಲಿ ಈ ಪಾಠ ಇನ್ನೊಂದು ತಿರುವು ಪಡೆಯಿತು. ಹೊಸಗನ್ನಡ ಸಾಹಿತ್ಯವನ್ನು ಕಟ್ಟಿದವರ ಪಟ್ಟಿ ಮಾಡಿದರೆ ಅವರಲ್ಲಿ ಎಷ್ಟೋ ಮಂದಿ ಇಂಗ್ಲಿಷ್ ಅಧ್ಯಾಪಕರು ಎಂಬುದು ಎದ್ದು ಕಾಣುತ್ತದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಕನ್ನಡ ಕವಿತೆಯ ನಡಿಗೆಯನ್ನೇ ಬದಲಿಸಿದರು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಅದೇ ಕುವೆಂಪು ಮುಂದೆ ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ ಬರೆದರು. ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಶಾಂತಿನಾಥ ದೇಸಾಯಿ, ಲಂಕೇಶ್, ಅನಂತಮೂರ್ತಿ ಇವರೆಲ್ಲ ಹಗಲು ಇಂಗ್ಲಿಷ್ ಪಾಠ ಹೇಳಿ ಕನ್ನಡದಲ್ಲಿ ಬರೆದವರು. ಪರರ ಅನುಭವ ಹೇಳುವ ಪುಸ್ತಕವನ್ನು ಓದಿ ತಮ್ಮ ಅನುಭವವನ್ನು ಹೇಳುವ ಬಗೆಯನ್ನು ಅವರು ಕಂಡುಕೊಂಡರು.

ಓದುವ ಕ್ರಮವೂ ಅಷ್ಟರಲ್ಲಿ ಬದಲಾಗಿತ್ತು. ಕೇಂಬ್ರಿಜ್‌ನ ಐ.ಎ. ರಿಚರ್ಡ್ಸ್ ಕವಿಯ ಹೆಸರು ಹೇಳದೆ ವಿದ್ಯಾರ್ಥಿಗಳ ಕೈಗೆ ಕವಿತೆಗಳನ್ನು ಕೊಟ್ಟು, ಅವರು ಎಲ್ಲೆಲ್ಲಿ ಎಡವುತ್ತಾರೆ ಎಂದು ಪರಿಶೀಲಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಮ್’ ಎಂಬ ಪುಸ್ತಕ ಬರೆದಿದ್ದರು. ಕವಿಯ ಕೀರ್ತಿಯನ್ನು ಮರೆತು ಕಣ್ಣೆದುರಿನ ಮಾತನ್ನು ಸೂಕ್ಷ್ಮವಾಗಿ ಓದಬೇಕೆಂಬುದು ಅದರ ಸಾರ. ಅಲ್ಲಿಯೇ ಎಫ್.ಆರ್. ಲೀವಿಸ್ ಅವರ ಶಿಷ್ಯರಾಗಿದ್ದ ಸಿ.ಡಿ. ನರಸಿಂಹಯ್ಯನವರು ಮೈಸೂರಿಗೆ ಮರಳಿ 1952ರಲ್ಲಿ ‘ಲಿಟರರಿ ಕ್ರೈಟೀರಿಯನ್’ ಪತ್ರಿಕೆಯನ್ನು ಆರಂಭಿಸಿದರು. 1979ರಲ್ಲಿ ‘ಧ್ವನ್ಯಾಲೋಕ’ವನ್ನು ಕಟ್ಟಿದರು. ಇಂಗ್ಲೆಂಡಿನ ಸಾಹಿತ್ಯವೊಂದೇ ಇಂಗ್ಲಿಷ್ ಸಾಹಿತ್ಯವೆಂದು ನಂಬಿದ್ದ ವಿಭಾಗಗಳಿಗೆ ಅಮೆರಿಕ, ಆಫ್ರಿಕಾ, ಆಸ್ಟ್ರೇಲಿಯಗಳ ಲೇಖಕರನ್ನೂ ಭಾರತೀಯ ಇಂಗ್ಲಿಷ್ ಬರಹಗಾರರನ್ನೂ ಪರಿಚಯಿಸಿದವರಲ್ಲಿ ಅವರು ಮೊದಲಿಗರು.

ಈ ಕೊಡುಕೊಳೆಗೆ ‘ಸಂಸ್ಕಾರ’ ಕಾದಂಬರಿಯ ಕತೆಯೇ ಒಳ್ಳೆಯ ಉದಾಹರಣೆ. ಇಂಗ್ಲಿಷಿನಲ್ಲಿ ಸಂಶೋಧನೆ ಮಾಡಲು ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದ ಅನಂತಮೂರ್ತಿ ಅಲ್ಲಿ ಕುಳಿತು ಮಲೆನಾಡಿನ ಒಂದು ಅಗ್ರಹಾರದ ಕತೆ ಬರೆದರು. ಆಚಾರ ಬಿಟ್ಟ ಬ್ರಾಹ್ಮಣನೊಬ್ಬ ಸತ್ತರೆ ಹೆಣ ಸುಡುವವರು ಯಾರು ಎಂಬ ಪ್ರಶ್ನೆ ಇಡೀ ಅಗ್ರಹಾರದ ಬಣ್ಣ ಬಯಲು ಮಾಡುವ ಕತೆ ಅದು. ಪುಸ್ತಕ 1965ರಲ್ಲಿ ಹೊರಬಂತು. 1976ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಎ.ಕೆ. ರಾಮಾನುಜನ್, ಅವರೂ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರು. ಅದಕ್ಕೆ ಮೂರು ವರ್ಷ ಮೊದಲು ಅವರು ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳನ್ನು ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಲ್ಲಿ ಅನುವಾದಿಸಿದ್ದರು. ಇಂಗ್ಲಿಷ್ ಕಲಿಯಲು ಹೊರಟ ಕನ್ನಡಿಗರಿಂದ ಕನ್ನಡದ ಅನುಭವವೇ ಹೊರನಾಡಿನ ತರಗತಿಗಳಿಗೆ ಪಾಠವಾಗಿ ಹೋಯಿತು.

ಆಫ್ರಿಕದಿಂದ ಬಂದ ಸವಾಲು

ವಸಾಹತುಗಳ ಎಲ್ಲೆಡೆ ಮಕ್ಕಳು ಕಾಣದ ಹೂವಿನ ಪದ್ಯವನ್ನು ಬಾಯಿಪಾಠ ಮಾಡಬೇಕಾಗಿತ್ತು. ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಕವಿತೆ ಕೆರಿಬಿಯನ್ ದ್ವೀಪಗಳಿಂದ ಹಿಡಿದು ನಮ್ಮ ಊರುಗಳವರೆಗೆ ಹಬ್ಬಿತ್ತು. ಆಂಟಿಗುವಾದಲ್ಲಿ ಹುಟ್ಟಿದ ಲೇಖಕಿ ಜಮೈಕಾ ಕಿಂಕೇಡ್ ತಮ್ಮ ‘ಲೂಸಿ’ (1990) ಕಾದಂಬರಿಯಲ್ಲಿ ಈ ಪದ್ಯವನ್ನು ಒಪ್ಪಿಸಿದ ಹುಡುಗಿಯೊಬ್ಬಳು ದೊಡ್ಡವಳಾಗಿ ಆ ಹೂವನ್ನು ಮೊದಲ ಬಾರಿ ಕಂಡಾಗ ಪಡುವ ಸಿಟ್ಟನ್ನು ಚಿತ್ರಿಸಿದ್ದಾರೆ. ಹೂವಿನ ಮೇಲೆ ಏಕೆ ಸಿಟ್ಟು? ತನ್ನ ಅಂಗಳದ ಗಿಡ ಬಳ್ಳಿಗೆ ಪಾಠದಲ್ಲಿ ಜಾಗವಿಲ್ಲದಿದ್ದರೆ, ಕವಿತೆಗೆ ತಕ್ಕದ್ದು ಬೇರೆಲ್ಲೋ ಇದೆ, ತನ್ನಲ್ಲಿಲ್ಲ ಎಂದು ಮಗು ಕಲಿತುಬಿಡುತ್ತದೆ.

ನೈಜೀರಿಯದ ಚಿನುವಾ ಅಚಿಬೆ ಇಬಾಡನ್‌ನ ಕಾಲೇಜಿನಲ್ಲಿ ಓದುತ್ತಿದ್ದಾಗ ಜಾಯ್ಸ್ ಕ್ಯಾರಿಯ ‘ಮಿಸ್ಟರ್ ಜಾನ್‌ಸನ್’ ಎಂಬ ಕಾದಂಬರಿ ಪಠ್ಯವಾಗಿತ್ತು. ಇಂಗ್ಲಿಷ್ ವಿಮರ್ಶಕರು ಮೆಚ್ಚಿದ ಆ ಪುಸ್ತಕದಲ್ಲಿ ತಮ್ಮ ನಾಡಿನ ಮನುಷ್ಯನನ್ನು ಬರೆದಿದ್ದ ರೀತಿ ಅಲ್ಲಿಯ ವಿದ್ಯಾರ್ಥಿಗಳಿಗೆ ಹಿಡಿಸಲಿಲ್ಲ. ಒಳಗಿನಿಂದ ಕಂಡಂತೆ ಕತೆ ಹೇಳಬೇಕೆಂದು ಅಚಿಬೆ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ 1958ರಲ್ಲಿ ಪ್ರಕಟವಾಯಿತು. ಇಗ್ಬೊ ಜನರ ಹಳ್ಳಿಯೊಂದರ ಒಕೊಂಕ್ವೊ ಎಂಬ ಹಠಮಾರಿ ಗಂಡಸಿನ ಏಳುಬೀಳು ಅದರ ವಸ್ತು. ಹಳ್ಳಿಯ ಕ್ರೌರ್ಯವನ್ನು ಲೇಖಕರು ಮುಚ್ಚಿಡುವುದಿಲ್ಲ. ಬಿಳಿಯರು ಬರುವ ಮುಂಚೆ ಅಲ್ಲಿ ನ್ಯಾಯವೂ ಹಬ್ಬವೂ ಗಾದೆಯೂ ಇದ್ದವೆಂಬುದನ್ನೂ ಮರೆಯುವುದಿಲ್ಲ. ಕೊನೆಯಲ್ಲಿ ಒಕೊಂಕ್ವೊ ನೇಣು ಹಾಕಿಕೊಂಡಾಗ ಬಿಳಿಯ ಅಧಿಕಾರಿಗೆ ಹೊಳೆಯುವುದೇನು? ತಾನು ಬರೆಯಲಿರುವ ಪುಸ್ತಕದಲ್ಲಿ ಈ ಮನುಷ್ಯನ ಬಗ್ಗೆ ಒಂದು ಅಧ್ಯಾಯ ಬರೆಯಬಹುದು, ಅಷ್ಟು ಬೇಡ, ಒಂದು ಪ್ಯಾರಾ ಸಾಕು ಎಂದು. ಓದುಗ ಅಷ್ಟು ಹೊತ್ತಿಗೆ ಇಡೀ ಕಾದಂಬರಿಯಷ್ಟು ಉದ್ದದ ಬದುಕನ್ನು ಓದಿ ಮುಗಿಸಿರುತ್ತಾನೆ.

ಹತ್ತು ವರ್ಷದ ನಂತರ, 1968ರಲ್ಲಿ, ಕೀನ್ಯದ ನೈರೋಬಿ ವಿಶ್ವವಿದ್ಯಾನಿಲಯದಲ್ಲಿ ಗೂಗಿ ವಾ ಥಿಯಾಂಗೊ ಮತ್ತು ಇಬ್ಬರು ಸಹೋದ್ಯೋಗಿಗಳು ಇಂಗ್ಲಿಷ್ ವಿಭಾಗವನ್ನೇ ಮುಚ್ಚಬೇಕೆಂದು ಪತ್ರ ಬರೆದರು. ಇಂಗ್ಲಿಷ್ ಪುಸ್ತಕ ಓದಬಾರದೆಂಬುದು ಅವರ ಬೇಡಿಕೆಯಾಗಿರಲಿಲ್ಲ. ಯಾವುದು ನಡುವೆ ಇರಬೇಕು, ಯಾವುದು ಸುತ್ತ ಇರಬೇಕು ಎಂಬುದು ಪ್ರಶ್ನೆ. ಆಫ್ರಿಕದ ಹಾಡು, ಕತೆ, ಬರಹ ನಡುವೆ ಇರಲಿ. ಅಲ್ಲಿಂದ ಹೊರಟು ಲೋಕದ ಇತರ ಸಾಹಿತ್ಯಗಳನ್ನು ನೋಡೋಣ ಎಂದು ಅವರು ವಾದಿಸಿದರು. ವಿಭಾಗ ಕೊನೆಗೆ ‘ಸಾಹಿತ್ಯ ವಿಭಾಗ’ವಾಯಿತು, ಪಠ್ಯಕ್ರಮ ಬದಲಾಯಿತು. ಗೂಗಿ ಅಲ್ಲಿಗೆ ನಿಲ್ಲಲಿಲ್ಲ. 1977ರಲ್ಲಿ ತನ್ನ ಹಳ್ಳಿಯ ರೈತರು, ಕೂಲಿಕಾರರೊಡನೆ ಗಿಕೂಯು ಭಾಷೆಯಲ್ಲಿ ನಾಟಕ ಆಡಿಸಿದರು. ಇಂಗ್ಲಿಷಿನಲ್ಲಿ ಬರೆದಷ್ಟು ಕಾಲ ತಾಳಿಕೊಂಡ ಸರ್ಕಾರ ಜನರ ಮಾತಿನಲ್ಲಿ ಆಡಿಸಿದ ಕೂಡಲೆ ನಾಟಕವನ್ನು ನಿಲ್ಲಿಸಿ, ಆ ವರ್ಷದ ಕೊನೆಯ ದಿನ ಅವರನ್ನು ಸೆರೆಗೆ ಹಾಕಿತು. ಜೈಲಿನಲ್ಲಿ ಶೌಚದ ಕಾಗದದ ಮೇಲೆ ಅವರು ಗಿಕೂಯು ಭಾಷೆಯ ಕಾದಂಬರಿ ಬರೆದರು. 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ತಾಯ್ನುಡಿಯ ಮಾತನ್ನು ಅವರು ಬಿಡಲಿಲ್ಲ.

ಅಟ್ಟದ ಮೇಲಿನ ಹೆಂಗಸು

ಇಂಗ್ಲೆಂಡಿನ ಒಳಗೂ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿತ್ತು. ಷೇಕ್ಸ್‌ಪಿಯರನಿಗೆ ಅವನಷ್ಟೇ ಪ್ರತಿಭೆಯ ತಂಗಿಯೊಬ್ಬಳು ಇದ್ದಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂದು ವರ್ಜೀನಿಯ ವುಲ್ಫ್ 1929ರಲ್ಲಿ ಕಲ್ಪಿಸಿ ಬರೆದರು. ಶಾಲೆಯಿಲ್ಲ, ಸ್ವಂತ ಹಣವಿಲ್ಲ, ಬಾಗಿಲು ಹಾಕಿಕೊಂಡು ಬರೆಯಲು ಒಂದು ಕೋಣೆಯಿಲ್ಲ. ಬರೆಯುವ ಮೊದಲೇ ಅವಳು ಮಣ್ಣಾಗುತ್ತಿದ್ದಳು. ಷಾರ್ಲಟ್ ಬ್ರಾಂಟಿಯ ‘ಜೇನ್ ಐರ್’ (1847) ಕಾದಂಬರಿಯಲ್ಲಿ ನಾಯಕನ ಮೊದಲ ಹೆಂಡತಿ ಹುಚ್ಚಿಯಾಗಿ ಅಟ್ಟದ ಮೇಲೆ ಬಂಧಿಯಾಗಿರುತ್ತಾಳೆ. ಅವಳು ವೆಸ್ಟ್ ಇಂಡೀಸಿನವಳು. ಅವಳ ನಗು, ಕಿರಿಚಾಟ ಓದುಗರಿಗೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಡೊಮಿನಿಕ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ಬರೆದ ‘ವೈಡ್ ಸರ್ಗಾಸೊ ಸೀ’ ಕಾದಂಬರಿಯಲ್ಲಿ ಅವಳ ಬಾಲ್ಯ, ಮದುವೆ, ಗಂಡ ಅವಳ ಹೆಸರನ್ನೇ ಬದಲಿಸಿದ್ದು, ಅವಳು ಹುಚ್ಚಿಯೆನಿಸಿಕೊಂಡದ್ದು ಎಲ್ಲ ಬರುತ್ತದೆ. ಇಂದು ಅನೇಕ ತರಗತಿಗಳಲ್ಲಿ ಈ ಎರಡು ಪುಸ್ತಕಗಳನ್ನು ಜೊತೆಯಲ್ಲಿಟ್ಟು ಓದಿಸುತ್ತಾರೆ. ಒಂದೇ ಮನೆಯನ್ನು ಅಂಗಳದಿಂದಲೂ ಅಟ್ಟದಿಂದಲೂ ನೋಡಿದಂತೆ.

ಗಂಜಿಯ ಪ್ರಶ್ನೆ

ಭಾರತದ ಇಂಗ್ಲಿಷ್ ವಿಭಾಗಗಳಲ್ಲಿ ಜಾತಿಯ ಅನುಭವ ಪಠ್ಯವಾಗಲು ಬಹಳ ಕಾಲ ಹಿಡಿಯಿತು. ಅಮೆರಿಕದ ಕರಿಯರ ಸಂಕಟವನ್ನು ಮನಮಿಡಿದು ಪಾಠ ಹೇಳಿದ ಮೇಷ್ಟರಿಗೂ ಊರಾಚೆಯ ಕೇರಿ ಪಠ್ಯವಾಗಬಹುದೆಂದು ಹೊಳೆದಿರಲಿಲ್ಲ. 1970ರ ದಶಕದಿಂದ ಮರಾಠಿ, ಕನ್ನಡಗಳಲ್ಲಿ ದಲಿತ ಸಾಹಿತ್ಯ ಬಲವಾಗಿ ಬೆಳೆಯಿತು. ಆದರೆ ಅದು ಇಂಗ್ಲಿಷಿಗೆ ಅನುವಾದವಾಗುವವರೆಗೆ ಇಂಗ್ಲಿಷ್ ತರಗತಿಯ ಹೊಸ್ತಿಲಾಚೆಯೇ ಉಳಿಯಿತು. ಅರ್ಜುನ ಡಾಂಗಳೆ ಸಂಪಾದಿಸಿದ ಮರಾಠಿ ದಲಿತ ಬರಹಗಳ ಇಂಗ್ಲಿಷ್ ಸಂಕಲನ 1992ರಲ್ಲಿ ಬಂತು. ಅದೇ ವರ್ಷ ತಮಿಳಿನಲ್ಲಿ ಪ್ರಕಟವಾದ ಬಾಮಾ ಅವರ ‘ಕರುಕ್ಕು’ 2000ದಲ್ಲಿ ಇಂಗ್ಲಿಷಿಗೆ ಬಂತು. ಕನ್ನಡದಿಂದ ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ದೇವನೂರ ಮಹಾದೇವರ ‘ಕುಸುಮಬಾಲೆ’ ಅನುವಾದಗೊಂಡವು.

ಇವುಗಳಲ್ಲಿ ಓಂಪ್ರಕಾಶ ವಾಲ್ಮೀಕಿಯವರ ಹಿಂದಿ ಆತ್ಮಕತೆ ‘ಜೂಠನ್’ (1997) ಈ ಇಡೀ ವಿಷಯದ ತಿರುಳನ್ನೇ ಮುಟ್ಟುತ್ತದೆ. ಜೂಠನ್ ಎಂದರೆ ಎಂಜಲು. ಅದರಲ್ಲಿ ಬರುವ ಒಂದು ಪ್ರಸಂಗ ಹೀಗಿದೆ. ಉತ್ತರ ಪ್ರದೇಶದ ಹಳ್ಳಿಯ ಶಾಲೆ. ಮೇಷ್ಟರು ದ್ರೋಣಾಚಾರ್ಯರ ಬಡತನದ ಕತೆ ಹೇಳುತ್ತಿದ್ದಾರೆ. ಮಗ ಅಶ್ವತ್ಥಾಮನಿಗೆ ಹಾಲು ಕೊಡಲಾಗದೆ ನೀರಿಗೆ ಹಿಟ್ಟು ಕಲಸಿ ಕುಡಿಸಿದ ಕತೆ. ತರಗತಿಯೆಲ್ಲ ಕರಗಿದೆ. ಆಗ ಚೂಹ್ರಾ ಜಾತಿಯ ಹುಡುಗ ಎದ್ದು ನಿಂತು, ನಮಗೆ ಹಾಲಿನ ಬದಲು ಅನ್ನ ಬಸಿದ ಗಂಜಿ ಕುಡಿಸಿದರಲ್ಲ, ನಮ್ಮ ಕತೆ ಯಾವ ಮಹಾಕಾವ್ಯದಲ್ಲೂ ಏಕೆ ಬರಲಿಲ್ಲ ಎಂದು ಕೇಳುತ್ತಾನೆ. ಉತ್ತರವಾಗಿ ಬೆನ್ನಿನ ಮೇಲೆ ಬೆತ್ತದ ಏಟು ಬೀಳುತ್ತದೆ. ಬಾಸುಂಡೆ ಎದ್ದ ಆ ಬೆನ್ನಿನ ಹುಡುಗ ಬೆಳೆದು ತನ್ನ ಕತೆಯನ್ನು ತಾನೇ ಬರೆದ. 2003ರಲ್ಲಿ ಅದು ಇಂಗ್ಲಿಷಿಗೆ ಬಂದು ದೇಶ ವಿದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಪಠ್ಯವಾಯಿತು.

ಪಟ್ಟಿಯಿಂದ ಹೊರಗೆ

ಒಮ್ಮೆ ಸಿಕ್ಕ ಜಾಗ ಶಾಶ್ವತವೆಂದು ಭಾವಿಸುವಂತಿಲ್ಲ. 2010ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎ. ಪಠ್ಯದಿಂದ ರೋಹಿಂಟನ್ ಮಿಸ್ತ್ರಿಯವರ ‘ಸಚ್ ಎ ಲಾಂಗ್ ಜರ್ನಿ’ ಕಾದಂಬರಿಯನ್ನು ತೆಗೆಯಲಾಯಿತು. ರಾಜಕೀಯ ಪಕ್ಷವೊಂದರ ವಿದ್ಯಾರ್ಥಿ ಘಟಕ ಪುಸ್ತಕದ ಪ್ರತಿಗಳನ್ನು ಸುಟ್ಟದ್ದೇ ಅದಕ್ಕೆ ಪೀಠಿಕೆ. 2011ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಇತಿಹಾಸದ ಪಠ್ಯದಿಂದ ರಾಮಾನುಜನ್ ಅವರು ರಾಮಾಯಣದ ನಾನಾ ಪಾಠಗಳ ಕುರಿತು ಬರೆದ ಪ್ರಬಂಧ ಹೊರಬಿತ್ತು. 2021ರ ಆಗಸ್ಟ್‌ನಲ್ಲಿ ಅದೇ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಆನರ್ಸ್ ಪಠ್ಯದಿಂದ ಬಾಮಾ ಮತ್ತು ಸುಕಿರ್ತರಾಣಿ ಎಂಬ ಇಬ್ಬರು ದಲಿತ ಲೇಖಕಿಯರ ಬರಹಗಳನ್ನೂ ಮಹಾಶ್ವೇತಾ ದೇವಿಯವರ ‘ದ್ರೌಪದಿ’ ಕತೆಯನ್ನೂ ಕೈಬಿಡಲಾಯಿತು. ವಿದ್ಯಾವಿಷಯಕ ಮಂಡಳಿಯ ಕೆಲವು ಸದಸ್ಯರು ಲಿಖಿತವಾಗಿ ಭಿನ್ನಮತ ಸೂಚಿಸಿದರೂ ತೀರ್ಮಾನ ನಿಂತಿತು. ‘ದ್ರೌಪದಿ’ ಸಂತಾಲ ಹೆಂಗಸೊಬ್ಬಳನ್ನು ಸೈನ್ಯ ಹಿಡಿದು ಅತ್ಯಾಚಾರಕ್ಕೆ ಗುರಿಮಾಡುವ ಕತೆ. ಮಾರನೆಯ ಬೆಳಗ್ಗೆ ಅವಳು ಬಟ್ಟೆ ಉಡಲು ಒಪ್ಪದೆ ಅಧಿಕಾರಿಯ ಎದುರು ಬಂದು ನಿಲ್ಲುತ್ತಾಳೆ. ಓದುವವರಿಗೆ ನೆಮ್ಮದಿ ಕೊಡುವ ಕತೆ ಅದಲ್ಲ.

ವಿದ್ಯಾರ್ಥಿಗಳ ಮನಸ್ಸಿಗೆ ನೋವಾಗುತ್ತದೆ, ಸಮಾಜದ ಭಾವನೆಗೆ ಧಕ್ಕೆಯಾಗುತ್ತದೆ, ಇದು ಸಾಹಿತ್ಯವಲ್ಲ ರಾಜಕೀಯ – ಇಂಥ ಪುಸ್ತಕಗಳನ್ನು ತೆಗೆಯುವಾಗ ಮುಂದಿಡುವ ಕಾರಣಗಳು ಇವು. ಡಿರೋಜಿಯೊನನ್ನು ಹೊರಹಾಕಿದ ಹಿರಿಯರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನೋವಿನ ಮಾತು ಪೂರ್ತಿ ಸುಳ್ಳೇನಲ್ಲ. ಕ್ರೌರ್ಯದ ಬರಹವನ್ನು ಹದಿನೆಂಟರ ಹುಡುಗ ಹುಡುಗಿಯರ ಮುಂದಿಡುವಾಗ ಎಚ್ಚರ ಬೇಕು, ಮೇಷ್ಟರಿಗೆ ಸಿದ್ಧತೆ ಬೇಕು. ಆದರೆ ಓಥೆಲೊ ಹೆಂಡತಿಯ ಕತ್ತು ಹಿಸುಕುವುದನ್ನೂ ಮ್ಯಾಕ್‌ಬೆತ್ ಮಲಗಿದ ಮುದುಕನನ್ನು ಇರಿಯುವುದನ್ನೂ ತಲೆಮಾರುಗಳಿಂದ ಓದಿಸುತ್ತ ಬಂದಿರುವ ವಿಭಾಗಗಳಿಗೆ ದೂರದ ಕ್ರೌರ್ಯ ಅಷ್ಟಾಗಿ ತೊಂದರೆ ಕೊಟ್ಟಿಲ್ಲ. ಹತ್ತಿರದ್ದು ಬಂದಾಗ ಮಾತ್ರ ಕುರ್ಚಿಗಳು ಅಲುಗಾಡುತ್ತವೆ.

ಜಾಗ ಸಿಕ್ಕಿದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದೂ ಹೇಳಲಾಗದು. ಅಂಗಡಿಯಲ್ಲಿ ಸಿಗುವ ಗೈಡು ಒಬ್ಬ ಮನುಷ್ಯನ ಅವಮಾನವನ್ನು ಹತ್ತು ಅಂಕದ ಉತ್ತರವಾಗಿ ಕುಗ್ಗಿಸಬಲ್ಲದು. ಒಕೊಂಕ್ವೊನ ಬದುಕನ್ನು ಒಂದು ಪ್ಯಾರಾಕ್ಕೆ ಇಳಿಸಿದ ಅಧಿಕಾರಿಯ ಕೆಲಸವನ್ನೇ ಪರೀಕ್ಷೆಯ ಉತ್ತರ ಪತ್ರಿಕೆ ಎಷ್ಟೋ ಸಲ ಮಾಡುತ್ತದೆ. ಕೇರಿಯ ಕತೆಯನ್ನು ಇಂಗ್ಲಿಷಿನಲ್ಲಿ ಓದಿಸುವಾಗ ಆ ಕೇರಿಯಲ್ಲಿ ಉಳಿದವರಿಗೆ ಅದು ಓದಲಾಗದ ಪುಸ್ತಕವಾಗಿಯೇ ಇರುತ್ತದೆ. ಗೂಗಿ ಎತ್ತಿದ ಭಾಷೆಯ ಪ್ರಶ್ನೆ ಇನ್ನೂ ಮುಗಿದಿಲ್ಲ.

ಆದರೂ ಒಂದು ಮುಖ್ಯ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಹಿಂದೆ ನಗರದ ಮೇಲ್ಜಾತಿಯ ಹುಡುಗರೇ ತುಂಬಿರುತ್ತಿದ್ದ ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಇಂದು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಕುಳಿತಿದ್ದಾರೆ. ಪುಸ್ತಕದಲ್ಲಿರುವ ಬದುಕು ಅವರಲ್ಲಿ ಕೆಲವರಿಗೆ ತಮ್ಮದೇ ಮನೆಯ ಸಂಗತಿ. ‘ಜೂಠನ್’ ಪಾಠವಾಗುವಾಗ ಅಂಥ ಒಬ್ಬ ವಿದ್ಯಾರ್ಥಿ ತಲೆ ತಗ್ಗಿಸಿ ಕುಳಿತುಕೊಳ್ಳಬಹುದು, ಅಥವಾ ಎದ್ದು ಮಾತನಾಡಬಹುದು. ಎರಡರಲ್ಲಿ ಯಾವುದಾಗುತ್ತದೆ ಎಂಬುದು ಪಠ್ಯಪಟ್ಟಿಯ ಕೈಯಲ್ಲಿಲ್ಲ. ಪಾಠ ಹೇಳುವವರ ಮತ್ತು ಅಕ್ಕಪಕ್ಕದಲ್ಲಿ ಕುಳಿತವರ ಕೈಯಲ್ಲಿದೆ. ಆಳುವವರು ತಮ್ಮ ಅನುಕೂಲಕ್ಕೆಂದು ತಂದ ಒಂದು ಪಾಠ ಇನ್ನೂರು ವರ್ಷಗಳಲ್ಲಿ ಹಲವರ ಕೈ ದಾಟಿ ಇಲ್ಲಿಯವರೆಗೆ ಬಂದಿದೆ. ಎದ್ದು ಮಾತನಾಡುವ ಆ ವಿದ್ಯಾರ್ಥಿಗೆ ಬೆತ್ತದ ಬದಲು ಉತ್ತರ ಸಿಗುವಂತಾದರೆ ಅದು ಬಂದದ್ದು ಸಾರ್ಥಕ.